ಜೇನು ಬಾರದ ಆಲೆಮನೆ

“ಒಲೆಗೆ ರಚ್ಚು ತಳ್ಳೋನ ಮಗಳು ಡಿಗ್ರಿ ಮುಗ್ಸಾದಾ? ಪಾಕದ ತಾತನ ಬೆರಳಿಗೆ ಗೆರೆ ಬಂದ ದಿನ ಆಯ್ತದೆ ಬುಡು” ಎಂದವರು ನನ್ನ ದೊಡ್ಡಪ್ಪ. ಪಿಯುಸಿ ಮುಗಿಸಿ ಕಾಲೇಜಿನ ಅರ್ಜಿಗೆ ಅಪ್ಪನ ಸಹಿ ಹಾಕಿಸಿಕೊಳ್ಳಲು ನಾನು ಆಲೆಮನೆಗೆ ಬಂದಿದ್ದೆ. ದೊಡ್ಡಪ್ಪ ಗಾಣಕ್ಕೆ ಕಬ್ಬು ಕೊಡುತ್ತಾ, ಎಲ್ಲರಿಗೂ ಕೇಳುವಂತೆ ಇದನ್ನು ಹೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ಆ ಬೆರಳುಗಳು ಎಲ್ಲರಿಗೂ ಗೊತ್ತಿದ್ದವು.

ತಾತನ ಬಲಗೈಯ ಬೆರಳ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ಹೊಳೆಯಲ್ಲಿ ಉರುಳಿ ಸವೆದ ಕಲ್ಲಿನ ಹಾಗೆ, ಒಂದು ಗೆರೆಯೂ ಇಲ್ಲದೆ. ಕುದಿಯುವ ಪಾಕಕ್ಕೆ ದಿನಕ್ಕೆ ನಾಲ್ಕೈದು ಸಲ ಬೆರಳು ಅದ್ದಿ ತೆಗೆಯುವುದನ್ನು ಅವರು ಮೀಸೆ ಮೂಡುವ ಮೊದಲೇ ಶುರುಮಾಡಿದ್ದರಂತೆ. ಮೀಸೆ ನರೆತು, ಉದುರಿ, ಮತ್ತೆ ಎರಡು ಮೂರು ಕೂದಲು ಉಳಿದ ಮೇಲೂ ನಿಲ್ಲಿಸಿರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಯಾವ ತಿಂಗಳೂ ಅವರನ್ನು ಒಪ್ಪುತ್ತಿರಲಿಲ್ಲ.

“ತಾತ, ಮಿಷನ್ನು ನೀನು ಇಲ್ಲ ಅಂತಾ ಅದೆ” ಎನ್ನುತ್ತಿದ್ದ ಅಂಗಡಿಯವನು.

“ನಾನು ನಿನ್ನ ಮುಂದೇನೆ ನಿಂತಿವ್ನಿ. ನೀನೇ ವಸಿ ಮಿಷನ್ನಿಗೆ ಯೋಳು” ಎನ್ನುತ್ತಿದ್ದರು ತಾತ. ಸಿಟ್ಟಿಲ್ಲ, ಬೇಸರವಿಲ್ಲ. ಆಮೇಲೆ ಅಜ್ಜಿ ಮುಂದೆ ಬಂದು ತಮ್ಮ ಹೆಬ್ಬೆಟ್ಟು ಒತ್ತಿ ಅಕ್ಕಿ ತರುತ್ತಿದ್ದರು.

ಅವರು ನಮಗೆ ನೆಂಟರಲ್ಲ. ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ರಸ್ತೆಯ ಪಕ್ಕದ ಆ ಆಲೆಮನೆಯಲ್ಲಿ ಎಲ್ಲರಿಗೂ ಅವರು ತಾತ, ಅವರ ಹೆಂಡತಿ ಎಲ್ಲರಿಗೂ ಅಜ್ಜಿ. ನನ್ನಪ್ಪ ಅಲ್ಲಿ ಒಲೆಗೆ ಉರಿ ಹಾಕುವವನು. ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನು ರಚ್ಚು ಅನ್ನುತ್ತಾರೆ. ಅದನ್ನು ಒಣಗಿಸಿ, ತಗ್ಗಿನಲ್ಲಿ ಕೂತು, ದಿನವಿಡೀ ಒಲೆಯ ಬಾಯಿಗೆ ತಳ್ಳುವುದು ಅವನ ಕೆಲಸ. ಅಪ್ಪ ಕೆಳಗೆ, ತಾತ ಮೇಲೆ. ನಡುವೆ ಎತ್ತಿನ ಗಾಡಿಯ ಚಕ್ರಕ್ಕಿಂತ ಅಗಲವಾದ ಕೊಪ್ಪರಿಗೆ. ತಾತ ಕಾಲಿನಿಂದ ಒಂದು ಸಲ ನೆಲ ತಟ್ಟಿದರೆ ಉರಿ ಹೆಚ್ಚಿಸು, ಎರಡು ಸಲ ತಟ್ಟಿದರೆ ತಗ್ಗಿಸು. ಇಪ್ಪತ್ತು ವರ್ಷ ಅವರಿಬ್ಬರೂ ಹೀಗೇ ಮಾತಾಡಿಕೊಂಡರು.

ಕಬ್ಬಿನ ಹಾಲು ಬೆಲ್ಲವಾಗಲು ಎರಡು ಮೂರು ಗಂಟೆ ಬೇಕು. ಬೆಂಡೆ ಗಿಡದ ಲೋಳೆ ಹಾಕಿದಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾ ಇರಬೇಕು. ಆದರೆ ಅಷ್ಟು ಹೊತ್ತಿನ ಕೆಲಸವೆಲ್ಲ ನಿಂತಿರುವುದು ಕೊನೆಯ ಎರಡು ನಿಮಿಷದ ಮೇಲೆ. ಬೇಗ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ತಡವಾದರೆ ಸೀದು ಹೋಗುತ್ತದೆ. ಆ ಹೊತ್ತಿಗೆ ತಾತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ದೇವರಿಗೆ ಕೈ ಮುಗಿಯುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದರು. ಮೊದಲು ಹಾಲು ಮಳೆ ಸುರಿದ ಹಾಗೆ ಸದ್ದು ಮಾಡುತ್ತದೆ, ಆಮೇಲೆ ಗೊಟಗೊಟ ಅನ್ನುತ್ತದೆ, ಕೊನೆಗೆ ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದ ಹಾಗೆ ಆಗುತ್ತದೆ. ಆ ಪಿಸುಮಾತು ಕೇಳಿದ ಕೂಡಲೇ ಕೈಯನ್ನು ತಣ್ಣೀರಿಗೆ ಅದ್ದಿ, ಪಾಕಕ್ಕೆ ಅದ್ದಿ, ಮತ್ತೆ ತಣ್ಣೀರಿಗೆ. ರೆಪ್ಪೆ ಬಡಿಯುವುದರೊಳಗೆ. ಬೆರಳ ನಡುವೆ ಒಂದು ಉಂಡೆ. ಅದನ್ನು ಕೊಪ್ಪರಿಗೆಯ ಅಂಚಿಗೆ ಹೊಡೆದರೆ ಟಣ್ ಅನ್ನಬೇಕು.

ಯಾರಾದರೂ ಅವಸರ ಮಾಡಿದರೆ “ಬರ್ಲಿ ತಡಿ” ಎನ್ನುತ್ತಿದ್ದರು. ಟಣ್ ಅಂದ ಮೇಲೆ “ಬಂತು” ಎನ್ನುತ್ತಿದ್ದರು. ಆ ಎರಡು ಮಾತಿನ ಮೇಲೆ ನಮ್ಮ ಆಲೆಮನೆ ನಡೆಯುತ್ತಿತ್ತು.

ಅವರು ಬೆಲ್ಲವನ್ನು ಬಾಯಿಗೆ ಹಾಕಿದ್ದನ್ನು ನಾನು ನೋಡಲೇ ಇಲ್ಲ. ಒಮ್ಮೆ ಕೇಳಿದೆ. “ನಾಲಗೆಗೆ ಸಿಹಿ ಬಿದ್ಬುಟ್ರೆ ಮುಗೀತು ಮಗ. ಎಲ್ಲಾನೂ ಸರಿಯಾಗದೆ ಅಂತದೆ ಅದು. ಕಿವಿ ಅಂಗಲ್ಲ” ಎಂದರು.

ಕಾಲೇಜಿನಿಂದ ಬಸ್ಸಿಳಿದು ನಾನು ಮನೆಗೆ ಹೋಗುವ ಬದಲು ಆಲೆಮನೆಗೆ ಹೋಗುತ್ತಿದ್ದೆ. ಒಣಗಿದ ರಚ್ಚಿನ ರಾಶಿಯ ಮೇಲೆ ಕೂತು ಓದುವುದು. ನಮ್ಮ ಮನೆಯಲ್ಲಿ ಓದಿದವರು ಯಾರೂ ಇರಲಿಲ್ಲ, ಹಾಗಾಗಿ ಓದುವವಳು ಎಲ್ಲಿ ಕೂರಬೇಕು ಅನ್ನುವುದೂ ಯಾರಿಗೂ ಗೊತ್ತಿರಲಿಲ್ಲ. ತಾತನಿಗೂ ಗೊತ್ತಿರಲಿಲ್ಲ, ಆದರೆ ಅವರು ಒಂದು ಹಳೆಯ ಗೋಣಿ ತಂದು ಹಾಸಿಕೊಟ್ಟರು. ಬಿ.ಕಾಂ. ಮೊದಲ ವರ್ಷ ಲೆಕ್ಕದ ಪತ್ರಿಕೆಯಲ್ಲಿ ನಾನು ಫೇಲಾದೆ. ದೊಡ್ಡಪ್ಪ ಗಾಣ ನಿಲ್ಲಿಸಿ, “ನಾನು ಅವತ್ತೇ ಅಂದಿರ್ನಿಲ್ವಾ?” ಎಂದರು. ತಾತ ನೊರೆ ತೆಗೆಯುತ್ತಲೇ ಹೇಳಿದರು, “ಬರ್ಲಿ ತಡಿ ಕಣ್ಲಾ. ಒಂದು ಕೊಪ್ಪರಿಗೆ ಸೀದೋಯ್ತು ಅಂತ ಯಾರಾದ್ರೂ ಒಲೆ ಕೆಡವ್ತಾರಾ?”

ನಾನು ಆ ಪತ್ರಿಕೆಯನ್ನು ಮತ್ತೆ ಬರೆದು ಪಾಸಾದೆ.

ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಆ ವಿಡಿಯೋ ಬಂತು.

ಒಂದು ನಿಮಿಷವೂ ಇರಲಿಲ್ಲ. ಸೂರಿನ ಸಂದಿಯಿಂದ ಬಿಸಿಲು ಬೀಳುತ್ತಿದ್ದ ಒಂದು ಮಬ್ಬು ಆಲೆಮನೆ. ಮುಖಕ್ಕೆ ಟವೆಲ್ ಸುತ್ತಿಕೊಂಡ, ಬನಿಯನ್ ತೊಟ್ಟ ಒಬ್ಬ ಆಳು ಕೆಸರು ಮೆತ್ತಿದ ಚಪ್ಪಲಿ ಕಾಲಿನಲ್ಲೇ ಮರದ ತೊಟ್ಟಿಗೆ ಇಳಿದು, ಆರಲು ಬಿಟ್ಟ ಬೆಲ್ಲವನ್ನು ತುಳಿಯುತ್ತಾನೆ. ಪಕ್ಕದಲ್ಲಿ ಕೊಪ್ಪರಿಗೆ ಕುದಿಯುತ್ತಿದೆ. ಇನ್ನೊಬ್ಬ ಗೊಬ್ಬರದ ಚೀಲದಿಂದ ಬಿಳಿ ಪುಡಿ ಅದಕ್ಕೆ ಸುರಿಯುತ್ತಾನೆ. ಕೆಳಗೆ ಬರಹ: ‘ಪಾಂಡವಪುರದ ಕಡೆಯ ಆಲೆಮನೆ. ನಿಮ್ಮ ಮಕ್ಕಳಿಗೆ ಇದನ್ನೇ ತಿನ್ನಿಸುತ್ತಿದ್ದೀರಾ? ಎಲ್ಲರಿಗೂ ಕಳಿಸಿ.’

ಎಲ್ಲರೂ ಎಲ್ಲರಿಗೂ ಕಳಿಸಿದರು. ನನ್ನ ತರಗತಿಯ ಗುಂಪಿನಲ್ಲಿ ಬಂತು, ಕೆ.ಆರ್. ಪೇಟೆಯ ಗೆಳತಿಯಿಂದ ಬಂತು, ನಾಗಮಂಗಲದ ಚಿಕ್ಕಮ್ಮ ಕಳಿಸಿ ‘ನಿಮ್ಮಪ್ಪ ಇರೋದು ಇದೇನಾ?’ ಎಂದು ಕೇಳಿದರು. ಬಣ್ಣ ಬರಲಿ ಎಂದು ಪುಡಿ ಹಾಕುವ ಆಲೆಮನೆಗಳು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇವೆ. ಅದಕ್ಕೇ ಜನ ನಂಬಿದರು. ಆದರೆ ತಾತ ನಿಂತ ಕೊಪ್ಪರಿಗೆಗೆ ಸುಣ್ಣದ ತಿಳಿ, ಬೆಂಡೆಯ ಲೋಳೆ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ನಮ್ಮ ಬೆಲ್ಲ ಕಪ್ಪು ಎಂದು ಮೂಗು ಮುರಿದವರೂ ಇದ್ದರು.

ನಮ್ಮ ಬೆಲ್ಲವನ್ನೆಲ್ಲ ಕೊಳ್ಳುತ್ತಿದ್ದವರು ಶ್ರೀರಂಗಪಟ್ಟಣದಲ್ಲಿ ಸಗಟು ಅಂಗಡಿ ಇಟ್ಟಿದ್ದ ಮಂಡಿ ಸಾಬರು. ಅವರ ತಂದೆಯ ಕಾಲದಿಂದ ನಡೆದುಬಂದ ವ್ಯಾಪಾರ. ಅವರು ನಮ್ಮ ಆಲೆಮನೆಯ ಯಜಮಾನರಿಗೆ ಫೋನು ಮಾಡಿ, “ಯಜಮಾನ್ರೇ, ಗಿರಾಕಿಗಳು ಮೊಬೈಲ್ ತೋರ್ಸಿ ಕೇಳ್ತಾ ಇದಾರೆ. ಸ್ವಲ್ಪ ದಿವಸ ಕಳಿಸ್ಬೇಡಿ. ನನ್ನ ಮರ್ಯಾದೆ ಪ್ರಶ್ನೆ” ಎಂದರು. ಬೆಲ್ಲ ಹೋಗದಿದ್ದರೆ ಗಾಣ ನಿಲ್ಲುತ್ತದೆ, ಗಾಣ ನಿಂತರೆ ಒಲೆ ಆರುತ್ತದೆ. ಯಜಮಾನರು ಆ ವಾರ ಹತ್ತು ಜನರಲ್ಲಿ ಆರು ಜನರನ್ನು ಬರಬೇಡಿ ಎಂದರು. ಮುಂದಿನ ವಾರ ಒಲೆ ಆರಿಸುವುದೇ ಸರಿ ಎಂಬ ಮಾತೂ ಬಂತು.

ಅಪ್ಪನ ಒಲೆ ಆರಿದರೆ ನನ್ನ ಕಾಲೇಜೂ ಆರುತ್ತಿತ್ತು. ನಮ್ಮೂರಿನ ಹೆಣ್ಣುಮಕ್ಕಳನ್ನು ಗಾರ್ಮೆಂಟ್ಸಿಗೆ ಕರೆದೊಯ್ಯುವ ಬಸ್ಸು ಬೆಳಿಗ್ಗೆ ಆರೂವರೆಗೆ ಅರಳೀಮರದ ಹತ್ತಿರ ನಿಲ್ಲುತ್ತಿತ್ತು. ದೊಡ್ಡಪ್ಪ ಆಗಲೇ ಸೂಪರ್‌ವೈಸರನ್ನು ಕಂಡು ಬಂದಿದ್ದರು. “ಒಂದು ಸೀಟು ಮಡಗಿರ್ತಾರಂತೆ. ಸೋಮವಾರದಿಂದ ಅತ್ತುಸ್ಬುಡು ನಿನ್ನ ಮಗಳ” ಎಂದು ಅಪ್ಪನಿಗೆ ಹೇಳಿದರು. ಅದು ಕೆಟ್ಟತನದಿಂದ ಹೇಳಿದ್ದಲ್ಲ, ಈಗ ಗೊತ್ತಾಗುತ್ತದೆ. ಕೊನೆಯ ಸೆಮಿಸ್ಟರ್ ಮುಗಿಯಲು ನಾಲ್ಕು ತಿಂಗಳು ಉಳಿದಿತ್ತು.

ಯಜಮಾನರಿಗೆ ಒಂದು ಉಪಾಯ ಹೊಳೆಯಿತು. “ಅವರು ಒಂದು ಬುಟ್ರೆ ನಾವೂ ಒಂದು ಬುಡೋವ. ನೀನು ಓದಿದ್ದೀಯಲ್ಲವ್ವ, ಚೆನ್ನಾಗಿ ಒಂದು ವಿಡಿಯೋ ತೆಗಿ” ಎಂದು ನನ್ನನ್ನು ಕರೆದರು. ಪೇಟೆಯಿಂದ ಕೈಗವಸು, ತಲೆಗೆ ಬಲೆಯ ಟೋಪಿ, ಬಿಳಿಯ ಅಂಗಿ ತರಿಸಿದರು. ನೆಲ ತೊಳೆಸಿದರು. ತಾತನಿಗೆ ಕೈಗವಸು ಕೊಟ್ಟಾಗ ಅವರು ಅದನ್ನು ಹಿಗ್ಗಿಸಿ ನೋಡಿ, “ಕೈಗೆ ಚೀಲ ಆಕ್ಕೊಂಡು ಪಾಕ ಎಂಗ್ಲಾ ನೋಡಾದು?” ಎಂದು ಪಕ್ಕಕ್ಕಿಟ್ಟು ಬೆಂಡೆ ಗಿಡ ಜಜ್ಜಲು ಹೋದರು. ಹಾಗಾಗಿ ಯಜಮಾನರ ಅಳಿಯನೇ ಅಂಗಿ ತೊಟ್ಟು ಕೊಪ್ಪರಿಗೆ ಮುಂದೆ ನಿಂತ. ನಿಜವಾದ ಪಾಕದ ಹತ್ತಿರ ಹೋಗಲು ಅವನಿಗೆ ಹೆದರಿಕೆ. ಆದ್ದರಿಂದ ಉರಿ ಆರಿಸಿ, ತಣ್ಣಗಾದ ಮೇಲೆ, ಪಕ್ಕದಲ್ಲಿ ಹಸಿ ರಚ್ಚಿನ ಹೊಗೆ ಎಬ್ಬಿಸಿ, ಅದು ಕುದಿಯುತ್ತಿರುವಂತೆ ಕಾಣಿಸಿ ನಾನೇ ತೆಗೆದೆ. ಮೂರು ಸಲ ತೆಗೆದೆ. ಚೆನ್ನಾಗಿದೆ ಅನ್ನಿಸಿತು. ಹಿಂದೆ ಕೊಳಲಿನ ಸಂಗೀತ ಬೇರೆ ಹಾಕಿದೆ.

ಅವತ್ತೇ ಸಂಜೆಯ ಹೊತ್ತಿಗೆ ಕೆಳಗೆ ಮಾತುಗಳು ಬೀಳತೊಡಗಿದವು. ‘ಗ್ಲೌಸಿನ ಬೆಲೆ ಚೀಟಿ ಕಿತ್ತಾಕಿ ಸ್ವಾಮಿ.’ ನಿಜ, ಅಳಿಯನ ಮಣಿಕಟ್ಟಿನ ಹತ್ತಿರ ಬೆಲೆಯ ಚೀಟಿ ನೇತಾಡುತ್ತಿತ್ತು. ನಾನು ಮೂರು ಸಲ ತೆಗೆದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ಮಂಡಿ ಸಾಬರ ಫೋನು. “ನಿಮ್ಮ ಆಲೆಮನೆಗೆ ನಾನು ಎಷ್ಟು ಸಲ ಬಂದಿದೀನಿ? ಅಲ್ಲಿ ಗ್ಲೌಸ್ ಯಾವಾಗ ಬಂತು ಭಾಯ್? ನೀವು ಈ ವಿಡಿಯೋದಲ್ಲಿ ಸುಳ್ಳು ಹೇಳಿದ್ರೆ ಬೆಲ್ಲದಲ್ಲಿ ಏನು ಅಂತ ನಾನು ತಿಳ್ಕೊಳ್ಲಿ?”

ಇರುವ ಗಾಯವನ್ನು ನಾನೇ ಇನ್ನಷ್ಟು ಕೊಯ್ದಿದ್ದೆ. ರಚ್ಚಿನ ರಾಶಿಯ ಮೇಲೆ ಹೋಗಿ ಕೂತೆ. ಅಳುತ್ತಿದ್ದೆ ಅಂತ ಕಾಣುತ್ತದೆ. ತಾತ ಬಂದು ಪಕ್ಕದಲ್ಲಿ ಕೂತರು. ಬಯ್ಯಲಿಲ್ಲ. ಬೆರಳಿಗೆ ಅಂಟಿದ್ದ ಲೋಳೆಯನ್ನು ಪಂಚೆಗೆ ಒರೆಸಿಕೊಂಡರು.

“ಅವರು ಒಲಸು ಆಕಿ ಸುಳ್ಳು ಮಾಡುದ್ರು. ನೀನು ತೊಳ್ದು ಸುಳ್ಳು ಮಾಡ್ದೆ. ಅಷ್ಟೆಯ” ಎಂದರು.

ಪದವಿಯ ಮೂರು ವರ್ಷದಲ್ಲಿ ಇಷ್ಟು ನೇರವಾದ ಪಾಠ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ತಾತ ನನ್ನ ಫೋನಿನ ಕಡೆ ಕೈ ತೋರಿಸಿ, “ಅದನ್ನ ತೋರ್ಸು ಮಗ. ಅವರದ್ದ. ಎಲ್ಲ ನೋಡವ್ರೆ, ನಾನೇ ನೋಡಿಲ್ಲ” ಎಂದರು.

ಅವರಿಗೆ ಫೋನು ಇರಲಿಲ್ಲ. ಊರೆಲ್ಲ ನೋಡಿ ತೀರ್ಪು ಕೊಟ್ಟ ವಿಡಿಯೋವನ್ನು, ಆ ಕೆಲಸ ಬಲ್ಲ ಒಬ್ಬರಿಗೆ ತೋರಿಸಬೇಕು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮೊದಲ ಸಲ ಅವರು ನೋಡಲೇ ಇಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಕೊಪ್ಪರಿಗೆ ಮುಂದೆ ನಿಂತ ಹಾಗೆಯೇ. “ಇದು ಪಾಕ ಅಲ್ಲ. ನೀರು. ಬಣ್ಣ ಆಕಿರೋ ನೀರು. ಬೆಲ್ಲ ಇಂಗೆ ಮಾತಾಡಕಿಲ್ಲ” ಎಂದರು. ಎರಡನೆಯ ಸಲ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. “ಇವನ ಮುಂಗೈ ನೋಡು. ಎಷ್ಟು ಕೂದ್ಲದೆ! ಒಂದು ತಿಂಗಳು ಕೊಪ್ಪರಿಗೆ ಮುಂದೆ ನಿಂತಿದ್ರೆ ಎಲ್ಲ ಸೀದೋಗಿರದು.” ತಮ್ಮ ಮುಂಗೈ ಚಾಚಿದರು. ಮಗುವಿನ ಕೈಯ ಹಾಗೆ ಬೋಳು.

ಮೂರನೆಯ ಸಲ ನೋಡುವಾಗ ಅವರು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

“ಜೇನೆಲ್ಲಿ?” ಎಂದರು.

ನನಗೆ ಅರ್ಥವಾಗಲಿಲ್ಲ.

“ಬೆಳಕು ಬತ್ತಾ ಅದೆ, ಅಗಲು ಒತ್ತು. ತೊಟ್ಟಿ ತುಂಬ ಬೆಲ್ಲ ಅದೆ. ಒಂದು ಜೇನುನೊಣ ಇಲ್ವಲ್ಲ ಮಗ. ಒಂದು ಕಣಜ? ಒಂದು ಇರುವೆ? ನಮ್ಮ ಕಡೆ ಜೇನು ಬರ್ದಿರೋ ಆಲೆಮನೆ ಯಾವುದವ್ವ?”

ನಾನು ತಲೆಯೆತ್ತಿ ನೋಡಿದೆ. ನಮ್ಮ ಸುತ್ತ ನೂರಾರು ಜೇನುನೊಣಗಳು ಗುಂಯ್‌ಗುಡುತ್ತಿದ್ದವು. ಹುಟ್ಟಿದಾಗಿನಿಂದ ಅವುಗಳ ನಡುವೆಯೇ ಓಡಾಡಿದ್ದೇನೆ. ಪುಸ್ತಕದ ಮೇಲೆ ಕೂತಾಗ ಊದಿ ಓಡಿಸಿದ್ದೇನೆ. ಆ ವಿಡಿಯೋವನ್ನು ಇಪ್ಪತ್ತು ಸಲ ನೋಡಿದ್ದ ನನಗೆ ಇರುವುದೆಲ್ಲ ಕಂಡಿತ್ತು. ಇಲ್ಲದ್ದು ಕಂಡಿದ್ದು ಅವರಿಗೆ. ಹೆಬ್ಬೆಟ್ಟಿನ ಯಂತ್ರ ‘ಇಲ್ಲ’ ಎನ್ನುವ ಮನುಷ್ಯ, ತಾಲ್ಲೂಕಿಗೆ ತಾಲ್ಲೂಕೇ ನಂಬಿದ ಸುಳ್ಳನ್ನು ಮೂರು ಸಲ ನೋಡಿ ಕೆಡವಿದ್ದರು.

“ಸಾಬರನ್ನ ಕರೀರಿ. ಬಂದು ಒಂದು ಕೊಪ್ಪರಿಗೆ ಆಗೋಗಂಟ ನಿಂತ್ಕಳ್ಲಿ. ನೀವು ಯಾರೂ ಏನೂ ಯೋಳ್ಬ್ಯಾಡಿ” ಎಂದರು.

ಮಂಡಿ ಸಾಬರು ಬಂದರು. ಬರಲ್ಲ ಎನ್ನುವವರನ್ನು ಯಜಮಾನರು ಹೇಗೋ ಒಪ್ಪಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಗೋರಂಟಿ ಹಚ್ಚಿದ ಗಡ್ಡ. ಕುರ್ಚಿ ಕೊಟ್ಟರೆ ಕೂರಲಿಲ್ಲ. ತೊಟ್ಟಿಯ ಪಕ್ಕ ಕೈ ಕಟ್ಟಿ ನಿಂತರು. ಕೈಗವಸಿಲ್ಲ, ಬಿಳಿ ಅಂಗಿಯಿಲ್ಲ. ಅಪ್ಪ ಕೆಳಗೆ ಉರಿ ಹಾಕುತ್ತಿದ್ದಾನೆ, ದೊಡ್ಡಪ್ಪ ಗಾಣದ ಹತ್ತಿರ, ತಾತ ಮೇಲೆ. ಅವತ್ತು ಬೆಲ್ಲ ಕಟ್ಟದಿದ್ದರೆ, ಸಾಬರು ನಂಬದಿದ್ದರೆ, ಸೋಮವಾರ ಬೆಳಿಗ್ಗೆ ನಾನು ಅರಳೀಮರದ ಹತ್ತಿರ ನಿಂತಿರುತ್ತಿದ್ದೆ.

ಪಾಕ ಇಳಿಸಿ ತೊಟ್ಟಿಗೆ ಸುರಿದದ್ದೇ ತಡ, ಜೇನು ಮುತ್ತಿದವು. ಸಾಬರ ಜುಬ್ಬದ ಮೇಲೆ ಕೂತವು, ಗಡ್ಡದಲ್ಲಿ ಸಿಕ್ಕಿಕೊಂಡವು. ಅವರು ಟವೆಲ್ ಬೀಸಿದರು, ಎರಡು ಹೆಜ್ಜೆ ಹಿಂದೆ ಹೋದರು, ಮತ್ತೆ ಬೀಸಿದರು.

“ತೌಬಾ ತೌಬಾ! ಏನು ತಾತ ಇದು, ಇಷ್ಟೊಂದು ಹುಳ ಸಾಕಿದೀರಿ?”

“ಕಚ್ಚಕಿಲ್ಲ ಬುಡಿ ಸಾಬ್ರೆ. ನೀವು ಕಚ್ಚದಿದ್ರೆ ಅವೂ ಕಚ್ಚಕಿಲ್ಲ” ಎಂದರು ತಾತ. ಆಮೇಲೆ ನನ್ನ ಕಡೆ ಗಲ್ಲ ಎತ್ತಿದರು.

ನಾನು ಫೋನನ್ನು ಸಾಬರ ಕೈಗಿಟ್ಟೆ. ಆ ವಿಡಿಯೋ ಓಡಿತು. ಅವರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಮುಖದ ಮುಂದಿನ ಜೇನು ಓಡಿಸುತ್ತಾ ನೋಡಿದರು. ಮುಗಿಯಿತು. ಮತ್ತೆ ಹಾಕಿದರು. ಬೀಸುತ್ತಿದ್ದ ಕೈ ನಿಧಾನವಾಯಿತು. ನಿಂತಿತು. ಒಂದು ನೊಣ ಅವರ ಮೂಗಿನ ಮೇಲೆ ಕೂತರೂ ಓಡಿಸಲಿಲ್ಲ.

“ಯಾ ಅಲ್ಲಾ. ಇಲ್ಲಿ ಒಂದೂ ಇಲ್ಲ!” ಎಂದರು.

ಯಾರೂ ಏನೂ ಹೇಳಲಿಲ್ಲ. ತಾತ ಹೇಳಬೇಡಿ ಎಂದಿದ್ದರಲ್ಲ.

ಸಾಬರು ಚಪ್ಪಲಿ ಬಿಟ್ಟು ಕೊಪ್ಪರಿಗೆಯ ಕಟ್ಟೆ ಹತ್ತಿದರು. ತಾತನ ಬಲಗೈ ಹಿಡಿದು, ಆ ಬೆರಳುಗಳನ್ನು ತಿರುಗಿಸಿ ನೋಡಿದರು. “ನನ್ನ ಅಬ್ಬಾಜಾನ್ ಹೇಳೋರು, ಆ ಕೈಯಿನ ಬೆಲ್ಲ ಕಣ್ಣು ಮುಚ್ಚಿ ತಗೋ ಅಂತ. ನಾನು ಕಣ್ಣು ಬಿಟ್ಟು ತಪ್ಪು ಮಾಡ್ದೆ. ಮಾಫ್ ಮಾಡಿ” ಎಂದರು.

“ಕಣ್ಣು ಬುಟ್ಟೇ ತಗಳಿ. ಅದೇ ಒಳ್ಳೇದು” ಎಂದರು ತಾತ.

ಆ ದಿನದ ಬೆಲ್ಲ ಶ್ರೀರಂಗಪಟ್ಟಣಕ್ಕೆ ಹೋಯಿತು. ಸಾಬರು ತಮ್ಮ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಅದೇ ವಿಡಿಯೋ ಹಾಕಿ “ಜೇನು ಹುಡುಕಿ” ಎನ್ನುತ್ತಿದ್ದರಂತೆ. ಹಳ್ಳಿಯಿಂದ ಬಂದ ಹೆಂಗಸರು ಒಂದೇ ಸಲಕ್ಕೆ ಹಿಡಿಯುತ್ತಿದ್ದರಂತೆ.

ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದು ಗೊತ್ತಾಗಿದ್ದು ಆಮೇಲೆ. ಕೆಲವು ವಾರ ಕಳೆದ ಮೇಲೆ ಅಂಗಡಿಗಳಲ್ಲಿ ಹೊಳೆಯುವ ಪೊಟ್ಟಣದ ಹೊಸ ಬೆಲ್ಲ ಬಂತು. ಮೇಲೆ ‘ಕೈ ಮುಟ್ಟದ ಬೆಲ್ಲ’ ಎಂದು ದಪ್ಪ ಅಕ್ಷರ. ನಾನು ಕುತೂಹಲಕ್ಕೆ ಆ ಕಂಪನಿಯ ಪುಟವನ್ನು ಫೋನಿನಲ್ಲಿ ತೆರೆದೆ. ಒಂದು ಪುಟ ಮೊದಲು ಯಾವ ಹೆಸರಿನಲ್ಲಿತ್ತು ಎಂದು ನೋಡಲು ಅಲ್ಲಿಯೇ ಒಂದು ಜಾಗ ಇರುತ್ತದೆ. ಹೆಚ್ಚಿನವರು ಅದನ್ನು ಒತ್ತುವುದಿಲ್ಲ. ನಾನು ಒತ್ತಿದೆ. ಆ ವಿಡಿಯೋವನ್ನು ಮೊದಲು ಹಾಕಿದ ‘ಜನರ ಕಣ್ಣು’ ಎಂಬ ಪುಟವೇ ಹೆಸರು ಬದಲಿಸಿಕೊಂಡು ಬೆಲ್ಲದ ಕಂಪನಿಯ ಪುಟವಾಗಿತ್ತು. ವಿಡಿಯೋ ಅಳಿಸಿದ್ದರು. ಅದನ್ನು ನೋಡಿ ಹೆದರಿದ ಜನರೆಲ್ಲ ಮಾತ್ರ ಅಲ್ಲೇ ಉಳಿದಿದ್ದರು, ಪೊಟ್ಟಣದ ಗಿರಾಕಿಗಳಾಗಿ.

ಮೊದಲು ಹೆದರಿಸುವುದು, ಆಮೇಲೆ ಔಷಧಿ ಮಾರುವುದು. ಜಾಹೀರಾತು ಎಂದು ಹೇಳಿಕೊಳ್ಳದ ಜಾಹೀರಾತು. ಮಾರುಕಟ್ಟೆ ವಿಷಯದಲ್ಲಿ ಕೊನೆಯ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟು ಬರೆಯಬೇಕಿತ್ತು. ನಮ್ಮ ಮೇಡಂ ಎಲ್ಲರಿಗೂ ದೊಡ್ಡ ದೊಡ್ಡ ಕಂಪನಿಗಳ ವಿಷಯ ಕೊಟ್ಟಿದ್ದರು. ನಾನು ಇದನ್ನು ಬರೆಯುತ್ತೇನೆ ಎಂದೆ. ಅವರು, “ಬರಿ. ಆದರೆ ಗೊತ್ತಿರೋದನ್ನ ಮಾತ್ರ ಬರಿ” ಎಂದರು. ಹಾಗಾಗಿ ನನ್ನ ಸುಳ್ಳು ವಿಡಿಯೋವನ್ನೂ ಬರೆದೆ, ಬೆಲೆ ಚೀಟಿಯನ್ನೂ ಬಿಡಲಿಲ್ಲ.

ಮಾಹಿತಿ ಕೊಟ್ಟವರ ಸಹಿ ಬೇಕಿತ್ತು. ತಾತನಿಗೆ ಅಕ್ಷರ ಬಾರದು. ಇಂಕಿನ ಪ್ಯಾಡು ತಂದು ಹೆಬ್ಬೆಟ್ಟು ಒತ್ತಿಸಿದೆ. ಅವರು ಕೊಪ್ಪರಿಗೆಯಷ್ಟೇ ಗಮನ ಕೊಟ್ಟು, ಉಸಿರು ಹಿಡಿದು ಒತ್ತಿದರು.

ಮೇಡಂ ಆ ಹಾಳೆ ತಿರುವಿ, “ಏನಮ್ಮ, ಇಲ್ಲಿ ಇಂಕು ಚೆಲ್ಲಿದೀಯ?” ಎಂದರು.

“ಚೆಲ್ಲಿಲ್ಲ ಮೇಡಂ, ಅದು ಹೆಬ್ಬೆಟ್ಟು.”

“ಗೆರೆಗಳೆಲ್ಲಿ?”

“ಪಾಕದಲ್ಲಿ ಹೋದವು ಮೇಡಂ” ಎಂದೆ.

ಅವರು ಆ ಕಪ್ಪು ಗುರುತನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅದರ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಬೇರೇನೂ ಕೇಳಲಿಲ್ಲ, ಜೇನಿನ ಸಂಗತಿಯನ್ನೇ ಎರಡು ಸಲ ಹೇಳಿಸಿ ಕೇಳಿದರು.

ಫಲಿತಾಂಶ ಬಂದ ದಿನ ಓಡಿ ಹೋಗಿ ಹೇಳಿದೆ. “ಕಾಗದ ಬಂತಾ?” ಎಂದರು ತಾತ. ಇಲ್ಲ, ಸರ್ಟಿಫಿಕೇಟು ಬರಲು ಇನ್ನೂ ತಿಂಗಳುಗಟ್ಟಲೆ ಆಗುತ್ತದೆ ಎಂದೆ. “ಅಂಗಾದ್ರೆ ಇಳ್ಸಬ್ಯಾಡ ಇನ್ನ. ಬರ್ಲಿ ತಡಿ” ಎಂದರು.

ಆ ಚಳಿಗಾಲಕ್ಕೆ ಅವರಿಗೆ ನಿಲ್ಲಲು ಆಗದ ಹಾಗಾಯಿತು. ಅಪ್ಪನನ್ನು ಒಲೆಯಿಂದ ಮೇಲೆ ಕರೆಸಿ ಕೊಪ್ಪರಿಗೆ ಮುಂದೆ ನಿಲ್ಲಿಸಿದವರು ಅವರೇ. ಇಪ್ಪತ್ತು ವರ್ಷ ಕೆಳಗಿನಿಂದ ಆ ಸದ್ದು ಕೇಳಿದವನಿಗೆ ಹೊಸದಾಗಿ ಕಲಿಸುವುದು ಹೆಚ್ಚೇನೂ ಇರಲಿಲ್ಲವಂತೆ. ಪ್ರತಿದಿನ ಅಪ್ಪ ಒಂದು ಅಚ್ಚು ಬೆಲ್ಲವನ್ನು ತಾತನ ಮನೆಗೆ ಒಯ್ಯುತ್ತಿದ್ದ. ತಾತ ಮಲಗಿದಲ್ಲೇ ಅದನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದರು. “ಒಸಿ ಬೇಗ ಇಳ್ಸಿದ್ದೀಯ.” ಮರುದಿನ, “ಉರಿ ಜಾಸ್ತಿ ಆಗದೆ.” ಒಂದು ದಿನ ತಟ್ಟಿ, ಕೇಳಿ, ಏನೂ ಹೇಳದೆ ದಿಂಬಿನ ಪಕ್ಕ ಇಟ್ಟುಕೊಂಡರು. ಅಪ್ಪ ಅವತ್ತು ಮನೆಗೆ ಬಂದು ಊಟ ಮಾಡುವುದನ್ನೂ ಮರೆತು ಕೂತಿದ್ದ. ಮುಖದಲ್ಲಿ ಎಂಥದೋ ಬೆಳಕಿತ್ತು.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಹತ್ತು ಗಂಟೆಗೆ ತಾತ ಹೋದರು. ಸುದ್ದಿ ಬಂದಾಗ ಕೊಪ್ಪರಿಗೆ ಅರ್ಧ ಕುದಿದಿತ್ತು. ಅಪ್ಪ ಬಿಟ್ಟು ಹೊರಟವನು ಅಜ್ಜಿ ಕಳಿಸಿದ ಮಾತು ಕೇಳಿ ನಿಂತ. “ಹಾಲು ಕಾಯಕಿಲ್ಲ. ಮುಗಿಸ್ಬುಟ್ಟು ಬರ್ಲಿ.” ಅಪ್ಪ ಕಣ್ಣು ಮುಚ್ಚಿಕೊಂಡು ಪಾಕ ನೋಡಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆಲ್ಲ ಕಟ್ಟಿತು. ಆಮೇಲೆ ಎಲ್ಲರೂ ಹೊರಟೆವು. ಮಂಡಿ ಸಾಬರು ಆಗಲೇ ಬಂದು ಜಗಲಿಯ ಮೇಲೆ ಅಜ್ಜಿಯ ಪಕ್ಕ ಕೂತಿದ್ದರು.

ಸರ್ಟಿಫಿಕೇಟು ಕೈಗೆ ಬಂದಾಗ ತಾತನ ತಿಥಿ ಮುಗಿದು ಗಾಣ ಮತ್ತೆ ಶುರುವಾಗಿತ್ತು. ನಾನು ಈಗ ಕೆ.ಆರ್. ಪೇಟೆಯಲ್ಲಿ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ಅವತ್ತು ರಜೆ ಹಾಕಿ, ಬಸ್ಸಿಳಿದು, ಮನೆಗೆ ಹೋಗದೆ ಆಲೆಮನೆಗೇ ಹೋದೆ. ನಮ್ಮ ವಂಶದಲ್ಲಿ ಇಂಥ ಕಾಗದ ಹಿಡಿದು ಆ ರಸ್ತೆಯಲ್ಲಿ ನಡೆದವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಅಪ್ಪ ಕೊಪ್ಪರಿಗೆ ಮುಂದೆ ಇದ್ದ. ಕಾಗದ ಚಾಚಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡು, “ನನ್ನ ಕೈ ಅಂಟು ಕಣವ್ವ. ಅಜ್ಜಿ ಕೈಗೆ ಕೊಡು” ಎಂದ. ಅವನ ಬೆರಳ ತುದಿಗಳು ಆಗಲೇ ಹೊಳೆಯಲು ಶುರುವಾಗಿದ್ದವು.

ಅಜ್ಜಿ ಬೆಂಡೆ ಗಿಡ ಜಜ್ಜುತ್ತಾ ಕೂತಿದ್ದರು. ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡರು. ಈಚೆಗೆ ಅವರಿಗೆ ಕಣ್ಣು ಮಂಜು. ಹತ್ತಿರ ಹಿಡಿದರು, ದೂರ ಹಿಡಿದರು. ಗಾಣ ನಿಲ್ಲಿಸಿ ಬಂದಿದ್ದ ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಮೂರನೆಯ ಕ್ಲಾಸು ಓದಿದವರು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ನನ್ನ ಹೆಸರು ಓದಿದರು. ನಿಂತರು. ಮತ್ತೆ ಮೊದಲಿಂದ ಓದಿದರು. ಒಂದು ಜೇನುನೊಣ ಬಂದು ಕಾಗದದ ಅಂಚಿನ ಮೇಲೆ ಕೂತಿತು. ಅವರು ಅದನ್ನು ಓಡಿಸಲಿಲ್ಲ.

“ಬಂತೇನ್ಲಾ?” ಎಂದರು ಅಜ್ಜಿ.

ದೊಡ್ಡಪ್ಪ ಕಾಗದವನ್ನು ಮತ್ತೆ ಅಜ್ಜಿಯ ಕೈಗಿಟ್ಟರು.

“ಬಂತು ಕಣವ್ವ” ಎಂದರು. “ಬಂತು.”